ಎರಡು ಕೋಟಿ ತೊಂಬತ್ತಮೂರು ಲಕ್ಷವನ್ನು ಸೊನ್ನೆಗಿಳಿಸಿದ ಕೂಗು

ಬೆಳಗಿನ ಐದೂಕಾಲು. ಮಂಜು ಎಷ್ಟು ದಟ್ಟವಾಗಿದೆಯೆಂದರೆ ಟಾರ್ಚಿನ ಬೆಳಕು ನಾಲ್ಕು ಮಾರು ಹೋಗಿ ಅಲ್ಲೇ ನಿಂತುಬಿಡುತ್ತದೆ. ನೆಲ್ಯಹುದಿಕೇರಿಯಿಂದ ಹೊಳೆಯ ಗುಂಟ ಒಳಗೆ ಸರಿದರೆ ಸಿಗುವ ಕಲ್ಲುಮೊಟ್ಟೆ ಎಸ್ಟೇಟಿನಲ್ಲಿ, ಕಾಫಿ ಗಿಡಗಳ ನಡುವಿನ ಕಾಲುದಾರಿಯ ಮೇಲೆ ಕಾಳಮ್ಮ ಕುಕ್ಕರುಗಾಲಿನಲ್ಲಿ ಕೂತು ನೆಲ ನೋಡುತ್ತಿದ್ದಾರೆ. ದಾರಿಗೆ ಅಡ್ಡಲಾಗಿ ಗೇಣಗಲದ ಒಂದು ಬೂದಿಯ ಪಟ್ಟೆ. ನಿನ್ನೆ ಸಂಜೆ ಮನೆಗೆ ಹೋಗುವಾಗ ಒಲೆಯ ಬೂದಿಯನ್ನು ಜರಡಿ ಹಿಡಿದು ಅವರೇ ಚೆಲ್ಲಿ ಹೋದದ್ದು. ಈ ದಾರಿಯಲ್ಲಿ ಇರುಳೆಲ್ಲ ಯಾರು ಓಡಾಡಿದರು ಎಂಬುದು ಅದರ ಮೇಲೆ ಬರೆದಿಟ್ಟ ಹಾಗಿದೆ.

"ಮೊಲ," ಎಂದು ತಮ್ಮಷ್ಟಕ್ಕೆ ಓದಿಕೊಳ್ಳುತ್ತಾರೆ. "ಇದು ಮುಂಗುಸಿ. ಇದು ನಮ್ ಹಾಜರಿ ರೈಟರ್ರು, ಎಡಗಡೆ ಚಪ್ಪಲಿ ಸವೆದದೆ. ದೊಡ್ಡವರು ದಾಟಿಲ್ಲ."

ದೊಡ್ಡವರು ಎಂದರೆ ಆನೆಗಳು. ಬೆಳಕು ಹರಿಯುವ ಮೊದಲು ಕಾಳಮ್ಮ ಅವುಗಳ ಹೆಸರೆತ್ತುವುದಿಲ್ಲ.

ಇಂಥ ಬೂದಿಪಟ್ಟೆಗಳು ಮೂರು ಕಡೆ ಇವೆ. ಮೂರನ್ನೂ ನೋಡಿ, ಅಲ್ಲಲ್ಲಿ ನಿಂತು ಮೂಗೆತ್ತಿ ಗಾಳಿ ಹಿಡಿದು, ಹಲಸಿನ ಮರಗಳ ಬುಡದಲ್ಲಿ ಬಿದ್ದ ಲದ್ದಿಗೆ ಹಿಂಗೈ ಸೋಕಿಸಿ ಬಿಸಿಯೋ ತಣ್ಣಗೋ ಎಂದು ತಿಳಿದು, ಹೊಳೆಯ ಅಂಚಿನ ಹಾಸುಬಂಡೆ ಹತ್ತುವ ಹೊತ್ತಿಗೆ ಆರು ದಾಟಿರುತ್ತದೆ. ಬಂಡೆಯ ಮೇಲೆ ನಿಂತು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾರೆ. ಎರಡೂ ಅಂಗೈಗಳನ್ನು ಕೆನ್ನೆಗೆ ಒತ್ತಿ ಹಿಡಿಯುತ್ತಾರೆ. ಒಂದು ಉದ್ದ, ಎರಡು ಗಿಡ್ಡ, ಮತ್ತೊಂದು ಉದ್ದ.

ಆ ಕೂಗಿನಲ್ಲಿ ಅಕ್ಷರಗಳಿಲ್ಲ. ಅದು ಮರಗಳ ತಲೆಯ ಮೇಲಿಂದ ಹಾದು, ಎದುರಿನ ಮೊಟ್ಟೆಗೆ, ಅಂದರೆ ಬೋಳುಗುಡ್ಡಕ್ಕೆ ತಾಗಿ, ತುಸು ತೆಳ್ಳಗಾಗಿ ಹಿಂದಿರುಗುತ್ತದೆ. ಕೂಡಲೇ ಕೆಳಗೆ ಕೆಲಸದವರ ಲೈನ್ ಮನೆಗಳಲ್ಲಿ ಚಿಲಕಗಳು ಸರಿಯುವ ಸದ್ದು. ಟಕ್, ಟಕ್, ಟಕ್. ಮೂವತ್ತೆಂಟು ಮಂದಿ ಕಾಫಿ ಪಿಕ್ಕಿಂಗಿನವರು ಚೀಲ ಸೊಂಟಕ್ಕೆ ಬಿಗಿದು ತೋಟದ ದಾರಿ ಹಿಡಿಯುತ್ತಾರೆ.

ಐವತ್ತಾರು ವರ್ಷದ ಕಾಳಮ್ಮನ ಕೆಲಸ ಇದು. ಹತ್ತೊಂಬತ್ತು ವರ್ಷಗಳಿಂದ ದಿನವೂ ಆರೇಳು ಕಿಲೋಮೀಟರ್ ನಡಿಗೆ, ಮೂರು ಬೂದಿಪಟ್ಟೆ, ಒಂದು ಕೂಗು. ಆಮೇಲೆ ಎಲ್ಲರ ಹಾಗೆ ಅವರೂ ಸಂಜೆಯವರೆಗೆ ಹಣ್ಣು ಕೀಳುತ್ತಾರೆ. ಸಂಜೆ ಗೇಟಿನ ಬಳಿಯ ತೂಕದ ಜಾಗದಲ್ಲಿ ಒಬ್ಬೊಬ್ಬರ ಬೆನ್ನು ಮುಟ್ಟಿ ಎಣಿಸುತ್ತಾರೆ. ಮೂವತ್ತೆಂಟು ಆಗುವವರೆಗೆ ಮನೆಯ ಕಡೆ ಕಾಲು ಹಾಕುವುದಿಲ್ಲ.

ಈ ವ್ಯವಸ್ಥೆಯ ನಿಯಮ ಒಂದೇ: ಕೂಗು ಬಂದರೆ ದಾರಿ ಸುರಕ್ಷಿತ, ಬರದಿದ್ದರೆ ಯಾರೂ ಹೊಸ್ತಿಲು ದಾಟಬಾರದು. ಹೊಸಬರು ಇದು ತಿರುಗುಮುರುಗು ಅಲ್ಲವೇ ಎಂದು ಕೇಳುವುದುಂಟು. ಆನೆ ಕಂಡಾಗ ತಾನೇ ಕೂಗಬೇಕು?

ಕಾಳಮ್ಮ ನಗುತ್ತಾರೆ. "ಅವರು ಎದುರಿಗೆ ನಿಂತಾಗ ಕೂಗಿದ್ರೆ ನಾನ್ ಉಳೀತೀನಾ? ಇನ್ನೊಂದ್ ಮಾತು. ನಾನೇ ಎಲ್ಲೋ ಜಾರಿ ಬಿದ್ದಿದ್ರೆ ಯಾರ್ ಕೂಗೋರು? ಅದಕ್ಕೇ ಸದ್ದಿಲ್ಲ ಅಂದ್ರೆ ಬರಬ್ಯಾಡಿ ಅಂತ. ನಾನ್ ಸತ್ರೂ ನನ್ ಕೆಲಸ ನಡೀಬೇಕಲ್ಲ."

ಹೊಳೆಯ ಈ ತಗ್ಗಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಲೈನಿನ ಹತ್ತಿರ ಬಂದರೆ ಎರಡು ಕಡ್ಡಿ ಸಿಗುತ್ತದೆ, ಗೇಟಿನ ಹತ್ತಿರ ಮೂರು. ಪಿಕ್ಕಿಂಗಿಗೆ ಬರುವವರಲ್ಲಿ ಕನ್ನಡದವರು, ತಮಿಳಿನವರು, ಮಲಯಾಳದವರು, ಈಚೆಗೆ ಅಸ್ಸಾಮಿನವರೂ ಇದ್ದಾರೆ. ಎಲ್ಲರಿಗೂ ಒಟ್ಟಿಗೆ ಅರ್ಥವಾಗುವ ಮಾತು ಈ ತೋಟದಲ್ಲಿ ಅದೊಂದೇ. ಪಕ್ಕದ ಎರಡು ಎಸ್ಟೇಟಿನವರೂ ಇದನ್ನೇ ಕೇಳಿಕೊಂಡು ಹೊರಡುತ್ತಾರೆ.

ಕಾಳಮ್ಮನ ಅಪ್ಪ ಪಿರಿಯಾಪಟ್ಟಣದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿಕೊಂಡವರು. ಅಲ್ಲಿ ಜೋಳದ ಹೊಲದಲ್ಲಿ ಹಕ್ಕಿ ಓಡಿಸುತ್ತ ಬೆಳೆದ ಗಂಟಲು ಇದು. ಮದುವೆಯಾಗಿ ಪುಟ್ಟರಾಜು ಜೊತೆ ಕಲ್ಲುಮೊಟ್ಟೆಗೆ ಬಂದಾಗ ಇಲ್ಲಿ ಕೂಗುತ್ತಿದ್ದವರು ಗಂಡಸರೇ. ಒಂದು ಪಿಕ್ಕಿಂಗಿನಲ್ಲಿ ಕೂಗುವವನಿಗೆ ನೆಗಡಿಯಾಗಿ ದನಿ ಕಟ್ಟಿತು. ನಾನು ನೋಡ್ತೀನಿ ಎಂದು ಕಾಳಮ್ಮ ಬಂಡೆ ಹತ್ತಿದರು. ಅವತ್ತಿನಿಂದ ಇಳಿದಿಲ್ಲ.

"ಗಂಡಸರ ಕೂಗು ಗಿಡದೊಳಗೇ ಸಿಕ್ಕಾಕೊಂಬಿಡ್ತದೆ. ನಮ್ದು ಮರದ ಮ್ಯಾಲೆ ಹೋಯ್ತದೆ."

ಎಸ್ಟೇಟಿನ ಕಾವಲುಗಾರನಾಗಿರುವ ಪುಟ್ಟರಾಜು ಇದನ್ನು ಒಪ್ಪುತ್ತಾರೆ. "ಮನೇಲೂ ಅಷ್ಟೇ. ನಂದು ಒಲೆ ದಾಟಲ್ಲ, ಅವಳದ್ದು ಹೊಳೆ ದಾಟ್ತದೆ."

ಈ ಕೂಗು ಹೊಳೆ ದಾಟಿ, ಜಿಲ್ಲೆ ದಾಟಿ ಹೋದ ಕಥೆ ಶುರುವಾದದ್ದು ಹೋದ ವರ್ಷದ ಜನವರಿಯಲ್ಲಿ. ಟೀಜಾ ಎಂಬ ಹೆಸರಿನಲ್ಲಿ ಹಾಡುವ ಗಾಯಕಿಯೊಬ್ಬರ ಮ್ಯೂಸಿಕ್ ವಿಡಿಯೊ ತೆಗೆಯಲು ಒಂದು ತಂಡ ಬೆಳಗಿನ ಮಂಜು ಹುಡುಕಿಕೊಂಡು ಎಸ್ಟೇಟಿಗೆ ಬಂತು. ಮೂರು ದಿನ ಇತ್ತು. ಎರಡನೇ ದಿನ ಸೌಂಡಿನ ಹುಡುಗನೊಬ್ಬ ಬಂಡೆಯ ಹತ್ತಿರ ತುಪ್ಪಳದ ಮೈಕು ಹಿಡಿದು ನಿಂತಿದ್ದ. ಹಕ್ಕಿ ಸದ್ದು ಹಿಡಿಯುತ್ತಿದ್ದಾನೆ ಎಂದುಕೊಂಡು ಕಾಳಮ್ಮ ತಮ್ಮ ಪಾಡಿಗೆ ತಾವು ಕೂಗಿದರು. ಆಮೇಲೆ ಅವನು ಬಂದು, "ಅಮ್ಮ, ನಿಮ್ಮ ಕೂಗು ಸಿಕ್ತು, ಹಾಡಿಗೆ ಹಾಕ್ಕೊಳ್ಳಲಾ?" ಎಂದು ಕೇಳಿದ. ಹಾಕ್ಕೊ ಮಗ, ಎಂದರು. ಅಷ್ಟೇ. ಕೊಟ್ಟದ್ದು ಏನು ಎಂದು ಅವರಿಗೂ ಗೊತ್ತಿರಲಿಲ್ಲ, ಇಸಿದುಕೊಂಡವನಿಗೂ ಗೊತ್ತಿರಲಿಲ್ಲ.

ಗೌರಿಹಬ್ಬದ ಹೊತ್ತಿಗೆ ಹಾಡು ಯೂಟ್ಯೂಬಿಗೆ ಬಂತು. ಮೊದಲ ಎಂಟು ಸೆಕೆಂಡು ಬೇರೆ ಏನೂ ಇಲ್ಲ: ಬಿಳಿ ಮಂಜು, ಕಾಳಮ್ಮನ ಕೂಗು, ಮೊಟ್ಟೆಗೆ ತಾಗಿ ಬಂದ ಅದರ ಮರುದನಿ. ಆಮೇಲೆ ಡ್ರಮ್ಸ್. ಲೈನಿನಲ್ಲಿ ಆ ಹಾಡಿನ ಹೆಸರನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ, ಎಲ್ಲರಿಗೂ ಅದು 'ಕೂ ಹಾಡು'.

ಪಕ್ಕದ ಮನೆಯ ಶಿವಮ್ಮನ ಸೊಸೆ ಸೌಮ್ಯ ದಿನವೂ ಬೆಳಿಗ್ಗೆ ಮಗುವಿಗೆ ಹಾಲು ಕುಡಿಸುತ್ತ ಫೋನು ನೋಡಿ ಲೆಕ್ಕ ಓದಿ ಹೇಳುತ್ತಿದ್ದಳು.

"ದೊಡ್ಡವ್ವಾ, ಹತ್ತು ಲಕ್ಷ!"

"ಹತ್ತು ಲಕ್ಷ ಏನೇ?"

"ಜನ! ಹತ್ತು ಲಕ್ಷ ಸಲ ನಿನ್ ಕೂಗು ಕೇಳವ್ರೆ!"

"ಕೇಳಿ ಎಲ್ಲಿಗ್ ಹೋದ್ರಂತೆ ಅಷ್ಟೂ ಜನ? ಕಾಫಿ ಕೀಳಕ್ಕಾ?"

ದಸರೆಗೆ ಐವತ್ತು ಲಕ್ಷ. ದೀಪಾವಳಿಗೆ ಒಂದು ಕೋಟಿ. ಕಾಳಮ್ಮನಿಗೆ ಒಳಗೊಳಗೇ ಹಿಗ್ಗು. ಕುಶಾಲನಗರದ ಸಂತೆಯಲ್ಲಿ ಒಬ್ಬ ಅಂಗಡಿಯವನ ಫೋನಿನಿಂದ ತಮ್ಮದೇ ದನಿ ಬಂದಾಗ ಕೊತ್ತಂಬರಿ ಕಟ್ಟು ಕೈಯಲ್ಲಿ ಹಿಡಿದುಕೊಂಡು ಹಾಡು ಮುಗಿಯುವವರೆಗೆ ನಿಂತಿದ್ದರು. ನಾನೇ ಅದು ಎಂದು ಹೇಳಲು ನಾಲಿಗೆಯವರೆಗೆ ಬಂದಿತ್ತು, ಹೇಳಲಿಲ್ಲ. ಪುಟ್ಟರಾಜು ಮಾತ್ರ ಮುನಿಸಿಕೊಂಡವರಂತೆ ಹೇಳುತ್ತಿದ್ದರು: "ಮೂವತ್ತೈದು ವರ್ಷದಿಂದ ಕೇಳ್ತಿವ್ನಿ. ನನ್ನೊಬ್ಬನದೇ ಒಂದ್ ಕೋಟಿ ಆಗದೆ. ಅದನ್ಯಾರೂ ಬರ್ಕೊಂಡಿಲ್ಲ."

ಎರಡು ಕೋಟಿ ದಾಟಿದ ಮೇಲೆ ಜನ ಬರತೊಡಗಿದರು. ಹಾಡಿನ ಜಾಗ ಹುಡುಕಿಕೊಂಡು ಜೀಪು, ಬೈಕು, ಕಾರು. ಎಸ್ಟೇಟಿನ ಗೇಟಿನೊಳಗೆ ಬಿಡುವುದಿಲ್ಲವಾದ್ದರಿಂದ ಹೊಳೆಯ ಸೇತುವೆಯ ಮೇಲೆ ನಿಂತು ರೀಲ್ಸ್ ಮಾಡುತ್ತಿದ್ದರು. ರೀಲ್ಸಿಗೆ ಪೂರ್ತಿ ಹಾಡು ಬೇಡ. ಮೊದಲಿನ ಎಂಟು ಸೆಕೆಂಡು ಸಾಕು.

ಈ ಜನವರಿಯ ಎರಡನೇ ವಾರ. ಅವತ್ತು ಮೂರನೇ ಬೂದಿಪಟ್ಟೆಯ ಮೇಲೆ ಮೊರದಗಲದ ಹೆಜ್ಜೆಗಳಿದ್ದವು. ನಾಲ್ಕು ದೊಡ್ಡವು, ಒಂದು ಮರಿಯದು. ಲದ್ದಿ ಬಿಸಿಯಾಗಿತ್ತು. ಕಾಳಮ್ಮ ಬಂಡೆಯ ಹಿಂದೆ ಸರಿದು ಕೂತರು. ನಲವತ್ತು ಹೆಜ್ಜೆ ಆಚೆ, ಕರಿಮೆಣಸಿನ ಬಳ್ಳಿ ಹಬ್ಬಿದ ಮರಗಳ ಹಿಂದೆ ಕೊಂಬೆ ಮುರಿಯುವ ಸದ್ದು. ಅವತ್ತು ಕೂಗು ಇಲ್ಲ ಎಂದು ತೀರ್ಮಾನವಾಗಿತ್ತು. ಹೋದ ಪಿಕ್ಕಿಂಗಿನಲ್ಲಿ ಇಂಥ ಕೂಗಿಲ್ಲದ ದಿನಗಳು ಇಪ್ಪತ್ತಮೂರು ಇದ್ದವು. ಇದು ಇನ್ನೊಂದು, ಅಷ್ಟೇ.

ಆಗ ಕೂಗು ಕೇಳಿತು. ಒಂದು ಉದ್ದ, ಎರಡು ಗಿಡ್ಡ, ಮತ್ತೊಂದು ಉದ್ದ.

"ನನ್ ದನಿ," ಎನ್ನುತ್ತಾರೆ ಕಾಳಮ್ಮ. ಇದನ್ನು ಹೇಳುವಾಗ ಈಗಲೂ ಕೈ ಗಂಟಲಿಗೆ ಹೋಗುತ್ತದೆ. "ನನ್ ಬಾಯಿ ಮುಚ್ಚಿತ್ತು. ದನಿ ಸೇತುವೆ ಕಡೆಯಿಂದ ಬತ್ತಾ ಇತ್ತು. ಒಂದ್ಸಲ ಅಲ್ಲ, ಮೂರ್ ಸಲ. ಕೆಳಗೆ ಚಿಲಕ ತೆಗೆಯೋ ಸದ್ದು ಕೇಳ್ತು. ಕೂಗಿ ಹೇಳನ ಅಂದ್ರೆ ಮರಿ ಇರೋರು ಪಕ್ಕದಲ್ಲೇ ನಿಂತವ್ರೆ. ಬರಬ್ಯಾಡಿ ಅಂತ ಹೇಳಕ್ಕೆ ನನ್ ಹತ್ರ ಕೂಗೇ ಇಲ್ಲವಲ್ಲ!"

ಓಡಿದರು. ಆನೆಯಿರುವ ತೋಟದಲ್ಲಿ ಓಡಬಾರದು ಎಂದು ಎಲ್ಲರಿಗೂ ಕಲಿಸಿದವರು ಅವರೇ. ಸುತ್ತು ದಾರಿಯಲ್ಲಿ ಓಡಿ ಬರುವಷ್ಟರಲ್ಲಿ ಹತ್ತೊಂಬತ್ತು ಮಂದಿ ದಾರಿಯ ಮೇಲಿದ್ದರು. ಎಲ್ಲರಿಗಿಂತ ಮುಂದೆ ಶಿವಮ್ಮ. ಮಂಜಿನೊಳಗಿಂದ ತಾಯಾನೆ ಹೊರಬಂದಾಗ ಹೆಂಗಸರು ಚೆಲ್ಲಾಪಿಲ್ಲಿಯಾಗಿ ಚರಂಡಿಗೆ ಹಾರಿದರು. ಆನೆ ಎರಡು ಹೆಜ್ಜೆ ಮುಂದೆ ಬಂದು, ಮರಿ ಕೂಗಿದ್ದಕ್ಕೆ ಹಿಂದಿರುಗಿತು. ಚರಂಡಿಗೆ ಬಿದ್ದ ಶಿವಮ್ಮನ ಬಲಗೈ ಮುರಿದಿತ್ತು. ಅವರನ್ನು ಆಸ್ಪತ್ರೆಗೆ ಒಯ್ದದ್ದು ಸೇತುವೆಯ ಮೇಲೆ ರೀಲ್ಸಿಗೆಂದು ಜೀಪಿನ ಸ್ಪೀಕರಿನಲ್ಲಿ ಆ ಕೂಗು ಹಚ್ಚಿದ್ದ ಮೂವರೇ. ತಾವು ಏನು ಮಾಡಿದೆವು ಎಂದು ತಿಳಿದಾಗ ಆ ಮೂವರಲ್ಲಿ ಒಬ್ಬಳು ಶಿವಮ್ಮನಿಗಿಂತ ಹೆಚ್ಚು ಅತ್ತಳಂತೆ.

"ಅವಳನ್ನ ಸಮಾಧಾನ ಮಾಡೋದ್ರಲ್ಲಿ ನನ್ ನೋವೇ ಮರ್ತೋಯ್ತು," ಎಂದು ಶಿವಮ್ಮ ನೆನೆಯುತ್ತಾರೆ.

ಕೂಗನ್ನು ಬದಲಿಸಬಹುದಲ್ಲ ಎಂದು ಹೇಳಿದವರು ಬಹಳ. ಮಾಡಿ ನೋಡಿದರು. ಎಸ್ಟೇಟಿನ ರೈಟರ್, ಹಾಜರಿ ಹಿಡಿಯುವ ಉತ್ತಯ್ಯ ಒಂದು ಸೀಟಿ ತಂದುಕೊಟ್ಟರು. ಕಾಳಮ್ಮ ಒಂದು ವಾರ ಊದಿದರು. ಆನೆ ಅಟ್ಟುವ ಅರಣ್ಯ ಸಿಬ್ಬಂದಿ ಊದುವುದೂ ಸೀಟಿಯೇ. ಅದು ಕೇಳಿದರೆ ಹೆಂಗಸರು ಬಾಗಿಲು ತೆಗೆಯುವ ಬದಲು ಒಳಗಿನಿಂದ ಇನ್ನೊಂದು ಚಿಲಕ ಹಾಕುತ್ತಿದ್ದರು.

"ತಲೆಗೆ ಗೊತ್ತಾಯ್ತದೆ ಕಾಳಕ್ಕ, ಕಾಲಿಗೆ ಗೊತ್ತಾಗಲ್ಲ," ಎಂದು ಶಿವಮ್ಮ ಕಟ್ಟು ಹಾಕಿದ ಕೈ ಎತ್ತಿಕೊಂಡು ಹೇಳಿದಾಗ ಸೀಟಿ ಉತ್ತಯ್ಯನವರ ಜೇಬಿಗೆ ಮರಳಿತು. ಲೈನಿನ ಎಲ್ಲ ಫೋನುಗಳಿಂದ ಹಾಡನ್ನು, ರಿಂಗ್‌ಟೋನನ್ನು ಅಳಿಸಿದರು. ಉತ್ತಯ್ಯ ದಿನವೂ ಬೆಳಿಗ್ಗೆ ಲೈನಿನ ದಾರಿಯ ಬಾಯಿಗೆ ಅಡ್ಡ ನಿಂತರು. ಆದರೆ ಪಕ್ಕದ ಎರಡು ತೋಟಗಳ ದಾರಿಗೆ ಯಾರು ನಿಲ್ಲಬೇಕು? ಸೇತುವೆಗೆ ಬರುವವರ ಫೋನಿಗೆ ಯಾರು ಕೈ ಹಾಕಬೇಕು?

"ಹಾಕ್ಕೊ ಮಗ ಅಂದೋಳು ನಾನು. ನಾನೇ ವಾಪಸ್ ಇಸ್ಕೋಬೇಕು," ಎಂದರು ಕಾಳಮ್ಮ.

ಉತ್ತಯ್ಯ ಎರಡು ಮೇಲ್ ಕಳಿಸಿದರು. ಮೂರನೆಯದಕ್ಕೆ ಟೀಜಾ ಅವರ ಮ್ಯಾನೇಜರ್ ಚೇತನ್‌ಕುಮಾರ್ ಫೋನ್ ಮಾಡಿದರು. ಸಂಜೆಯ ಹೊತ್ತು. ತೂಕದ ಜಾಗದಲ್ಲಿ ಎಲ್ಲರೂ ಇದ್ದರು. ಉತ್ತಯ್ಯ ಫೋನನ್ನು ತಕ್ಕಡಿಯ ಮೇಲಿಟ್ಟು ಸ್ಪೀಕರ್ ಹಾಕಿದರು.

"ಅಮ್ಮ, ತುಂಬಾ ಬೇಜಾರಾಯ್ತು. ನಿಮ್ಮ ಹೆಸರು ಹಾಕಿಸ್ತೀವಿ, ಹಾಡಿನ ಕೆಳಗೆ ಮೊದಲನೇ ಸಾಲಲ್ಲೇ."

"ಹೆಸರು ಬ್ಯಾಡ ಕಣಪ್ಪ. ಕೂಗು ತೆಗೀರಿ."

"ಮೊದಲಿನ ಎಂಟು ಸೆಕೆಂಡು ಬೇಕಾದ್ರೆ ಕತ್ತರಿಸಬಹುದು. ಆದ್ರೆ ಒಳಗಡೆ ಡ್ರಮ್ಸ್ ಜೊತೆ ಆರು ಕಡೆ ಬೆರೆಸಿದೀವಿ. ತೆಗೀಬೇಕು ಅಂದ್ರೆ ಈ ವಿಡಿಯೊನೇ ಕಿತ್ತು ಹೊಸದು ಹಾಕ್ಬೇಕು. ಹೊಸದು ಹಾಕಿದ್ರೆ ವ್ಯೂಸ್ ಎಲ್ಲಾ ಸೊನ್ನೆ."

"ಸೊನ್ನೆ ಆದ್ರೆ?"

"ಅಮ್ಮ, ಎರಡು ಕೋಟಿ ಎಂಬತ್ತು ಲಕ್ಷ ಆಗಿದೆ. ಮೇಡಂಗೆ ಇದೇ ಮೊದಲನೇ ದೊಡ್ಡ ಹಿಟ್. ಮೂರು ಕೋಟಿಗೆ ಕೇಕ್‌ಗೂ ಹೇಳಿಟ್ಟಿದೀವಿ."

"ಕೇಕ್ ಇಲ್ಲಿಗ್ ಕಳಿಸಪ್ಪ," ಎಂದು ಶಿವಮ್ಮ ಹಿಂದಿನಿಂದ ಕೂಗಿದರು. "ಒಂದೇ ಕೈಲಿ ತಿಂದು ತೋರಿಸ್ತೀನಿ!"

ಎಲ್ಲರೂ ನಕ್ಕರು. ಕಾಳಮ್ಮ ನಗಲಿಲ್ಲ. ತಕ್ಕಡಿಯ ಹತ್ತಿರ ಬಗ್ಗಿ, ಫೋನಿಗೆ ಅಲ್ಲ, ಎದುರಿಗೆ ಕೂತ ಮಗನಿಗೆ ಎಂಬಂತೆ ಹೇಳಿದರು: "ಸೊನ್ನೆ ಅಂದ್ರೆ ನಿಮಗ್ಯಾಕಪ್ಪ ಅಷ್ಟು ಭಯ? ನಾನ್ ಹತ್ತೊಂಬತ್ ವರ್ಷದಿಂದ ದಿನಾ ಬೆಳಿಗ್ಗೆ ಸೊನ್ನೆಯಿಂದ್ಲೇ ಎಣಿಸ್ತಾ ಇವ್ನಿ. ನಿನ್ನೆ ಮೂವತ್ತೆಂಟ್ ಜನ ಮನೆ ಸೇರಿದ್ರು ಅಂತ ಇವತ್ತಿನ ಲೆಕ್ಕಕ್ಕೆ ಬರ್ಕೊಳಕಾಯ್ತದಾ? ಆ ಹೆಣ್ಮಗೂನ ಒಂದಿನ ಬೆಳಿಗ್ಗೆ ಕಳ್ಸು. ನನ್ ಜೊತೆ ನಡೀಲಿ. ಆಮೇಲೂ ಆಗಲ್ಲ ಅಂದ್ರೆ ನಾನ್ ಸುಮ್ನಾಯ್ತೀನಿ."

ಬರುತ್ತಾರೆ ಎಂದು ಯಾರೂ ನಂಬಿರಲಿಲ್ಲ. ಫೆಬ್ರುವರಿಯ ಮೊದಲ ವಾರ ಬೆಳಿಗ್ಗೆ ಐದಕ್ಕೆ ಲೈನಿನ ಮುಂದೆ ಕಾರು ನಿಂತಿತು. ಟೀಜಾ, ಅಂದರೆ ಚನ್ನರಾಯಪಟ್ಟಣದ ತೇಜಸ್ವಿನಿ, ಬಿಳಿ ಶೂ ಹಾಕಿಕೊಂಡು ಇಳಿದರು. ಕಾಳಮ್ಮ ಶೂ ನೋಡಿ, ಒಳಗೆ ಹೋಗಿ ತಮ್ಮ ಗಮ್‌ಬೂಟು ತಂದುಕೊಟ್ಟರು. ಚೇತನ್‌ಕುಮಾರ್ ಪುಟ್ಟರಾಜು ಕೊಟ್ಟ ಬೆಲ್ಲದ ಕಾಫಿ ಹಿಡಿದುಕೊಂಡು ಲೈನಿನಲ್ಲೇ ಉಳಿದರು. ಇಬ್ಬರೇ ಹೆಂಗಸರು ಮಂಜಿನೊಳಗೆ ಹೋದರು.

ಮೊದಲ ಬೂದಿಪಟ್ಟೆ ಸ್ವಚ್ಛವಾಗಿತ್ತು. ಎರಡನೆಯದೂ. ಮೂರನೆಯದರ ಮೇಲೆ ಒಂದೇ ಹೆಜ್ಜೆ, ಒಂಟಿ ಸಲಗದ್ದು. ಕಾಳಮ್ಮ ಬೆರಳು ತುಟಿಗಿಟ್ಟು ತೇಜಸ್ವಿನಿಯನ್ನು ಬಂಡೆಯ ಹಿಂದಕ್ಕೆ ಎಳೆದುಕೊಂಡರು. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತರು. ಆನೆಯ ಹೊಟ್ಟೆಯೊಳಗಿನ ಗುಡುಗುಡು ಅಷ್ಟು ಹತ್ತಿರ ಕೇಳುತ್ತಿತ್ತು. ಅರ್ಧ ಗಂಟೆ ಕಳೆಯಿತು. ಹೊಳೆಯ ಆಚೆ ಒಂದು ಹೋಂಸ್ಟೇ ಇದೆ. ಅಲ್ಲಿ ತಂಗಿದ್ದ ಯಾರೋ ಎದ್ದು, ಮಂಜು ನೋಡಿ ಖುಷಿಯಾಗಿ, ಸ್ಪೀಕರ್ ಹಚ್ಚಿದರು.

ಒಂದು ಉದ್ದ, ಎರಡು ಗಿಡ್ಡ, ಮತ್ತೊಂದು ಉದ್ದ. ಮೊಟ್ಟೆಗೆ ತಾಗಿ ಮರುದನಿಯೂ ಬಂತು.

ಕೆಳಗೆ ಲೈನಿನಲ್ಲಿ ಟಕ್ ಎಂದಿತು. ಮತ್ತೊಂದು ಟಕ್. ಇನ್ನೊಂದು.

ಅವತ್ತು ಯಾರಿಗೂ ಏನೂ ಆಗಲಿಲ್ಲ. ಉತ್ತಯ್ಯ ದಾರಿಗೆ ಅಡ್ಡ ನಿಂತು ಎರಡೂ ಕೈ ಬೀಸುತ್ತಿದ್ದರು. "ಎಂತ ಮಾರಾಯ್ತಿಯರೇ, ನಿನ್ನೆ ತಾನೇ ಹೇಳ್ಲಿಲ್ವಾ!" ಎಂದು ಪಿಸುದನಿಯಲ್ಲೇ ಬೈದರಂತೆ. ಹೆಂಗಸರು ನಾಲಿಗೆ ಕಚ್ಚಿಕೊಂಡು ಒಳಗೆ ಹೋದರು. ಆದರೆ ಬಂಡೆಯ ಹಿಂದೆ ಕೂತಿದ್ದ ತೇಜಸ್ವಿನಿ ಚಿಲಕಗಳನ್ನು ಎಣಿಸಿದ್ದರು. ಹನ್ನೊಂದು.

"ನನ್ನ ಹಾಡಿಗೆ ಚಪ್ಪಾಳೆ ಕೇಳಿದೀನಿ, ಸೀಟಿ ಕೇಳಿದೀನಿ," ಎಂದು ಫೋನಿನಲ್ಲಿ ಮಾತಿಗೆ ಸಿಕ್ಕಾಗ ಅವರು ಹೇಳಿದರು. "ಚಿಲಕ ತೆಗೆಯೋ ಸದ್ದು ಕೇಳಿದ್ದು ಅದೇ ಮೊದಲು. ಕಾಳಮ್ಮ ನನ್ನ ಮುಖ ನೋಡ್ಲಿಲ್ಲ. ನೋಡಿದ್ರಾ, ಅಂತಾನೂ ಕೇಳ್ಲಿಲ್ಲ. ನನ್ನ ಕೈ ಹಿಡ್ಕೊಂಡಿದ್ರು, ಬಿಡ್ಲಿಲ್ಲ ಅಷ್ಟೇ."

ಆನೆ ಹೊಳೆ ದಾಟಿ ಹೋದದ್ದು ಏಳೂವರೆಗೆ. ಕಾಳಮ್ಮ ಬಂಡೆ ಹತ್ತಿ ಕೂಗಿದರು. ಅಷ್ಟು ಹತ್ತಿರದಿಂದ, ಮೈಕಿಲ್ಲದೆ ಆ ಕೂಗು ಕೇಳಿ ತೇಜಸ್ವಿನಿಯ ಕಣ್ಣು ತುಂಬಿತು. ಲೈನಿಗೆ ಇಳಿದು ಬಂದವರೇ ಮ್ಯಾನೇಜರಿಗೆ ಹೇಳಿದರು: "ಚೇತು, ಕಿತ್ತಾಕು."

ಚೇತನ್‌ಕುಮಾರ್ ಕಾಫಿ ಲೋಟ ಕೆಳಗಿಟ್ಟರು. "ಮೇಡಂ, ಇನ್ನು ಏಳೇ ಲಕ್ಷ. ಒಂದು ವಾರ ತಡೀರಿ, ಮೂರು ಕೋಟಿ ಮುಟ್ಟಿಸಿ ಆಮೇಲೆ..."

"ಆ ಒಂದು ವಾರ ಈ ದಾರಿಗೆ ನೀನು ನಿಂತ್ಕೋತೀಯಾ?"

ಶನಿವಾರ ಸಂಜೆ ತೂಕದ ಜಾಗದಲ್ಲಿ ಯಾರೂ ತೂಕ ನೋಡುತ್ತಿರಲಿಲ್ಲ. ಸೌಮ್ಯ ಹಣ್ಣಿನ ಮೂಟೆಯ ಮೇಲೆ ಕೂತು ಫೋನು ಕೆಳಕ್ಕೆ ಎಳೆಯುತ್ತಲೇ ಇದ್ದಳು. ಎರಡು ಕೋಟಿ ತೊಂಬತ್ತಮೂರು ಲಕ್ಷ. ಮತ್ತೊಮ್ಮೆ ಎಳೆದಳು. ಅದೇ. ಆರೂ ಐದಕ್ಕೆ ಪರದೆ ಕಪ್ಪಗಾಯಿತು. ಈ ವಿಡಿಯೊ ಲಭ್ಯವಿಲ್ಲ ಎಂದು ಬಂತು.

"ಹೋಯ್ತು," ಎಂದಳು. ಆಮೇಲೆ, "ಇರಿ ಇರಿ, ಹೊಸದು ಬಂತು!"

"ಎಷ್ಟ್ ತೋರಿಸ್ತದೆ?" ಕಾಳಮ್ಮ ಕೇಳಿದರು.

"ಸೊನ್ನೆ ದೊಡ್ಡವ್ವಾ! ಸೊನ್ನೆ!"

ತೋಟದಲ್ಲಿ ಅಂಥ ಗದ್ದಲ ಹಿಂದೆಂದೂ ಆಗಿರಲಿಲ್ಲ ಎನ್ನುತ್ತಾರೆ ಉತ್ತಯ್ಯ. ಶಿವಮ್ಮ ಎಡಗೈಯಲ್ಲಿ ಬಕೆಟ್ ಬಡಿದರು. ಅಸ್ಸಾಮಿನ ಹೆಂಗಸರು ಬಿಹು ಕುಣಿದರು. ಪುಟ್ಟರಾಜು ಹೆಂಡತಿಯನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡು ಕೂತರು. ಸೊನ್ನೆಗೆ ಇಷ್ಟು ಸಂಭ್ರಮಪಟ್ಟ ಅಭಿಮಾನಿಗಳು ಯಾವ ಗಾಯಕಿಗೂ ಸಿಕ್ಕಿರಲಾರರು.

ಹೊಸ ವಿಡಿಯೊದಲ್ಲಿ ಕೂಗು ಇಲ್ಲ. ಆದರೆ ಮೊದಲಿನ ಎಂಟು ಸೆಕೆಂಡು ಹಾಗೇ ಉಳಿದಿದೆ. ಬಿಳಿ ಮಂಜು, ಬರೀ ಮೌನ. ಸೌಂಡ್ ಬರ್ತಿಲ್ಲ, ಅಪ್‌ಲೋಡ್ ಸರಿಯಾಗಿಲ್ಲ ಎಂದು ಕೆಳಗೆ ನೂರಾರು ಜನ ಬರೆದಿದ್ದಾರೆ. ಕಾಳಮ್ಮ ಮಾತ್ರ ಅದನ್ನು ನೋಡಿ ತಲೆಯಾಡಿಸಿದರು. "ಇದು ಸರಿಯಾಗದೆ. ಇಷ್ಟು ಹೊತ್ತು ಯಾರೂ ಹೊರಗೆ ಬರಲ್ಲ."

ಹಳೆಯ ಕೂಗಿನ ರೀಲ್ಸ್‌ಗಳನ್ನು ತೇಜಸ್ವಿನಿಯ ತಂಡ ಒಂದೊಂದಾಗಿ ತೆಗೆಸುತ್ತಿದೆ. ಹೋಂಸ್ಟೇಯವರು ಬೆಳಿಗ್ಗೆ ಎಂಟರವರೆಗೆ ಸ್ಪೀಕರ್ ಹಾಕಬಾರದು ಎಂದು ಬೋರ್ಡು ಬರೆಸಿದ್ದಾರೆ. ಸೇತುವೆಯ ಮೇಲೆ ಅಳುತ್ತಿದ್ದ ಆ ಹುಡುಗಿ ತನ್ನ ರೀಲ್ಸ್ ಅಳಿಸಿ, ಯಾಕೆ ಅಳಿಸಿದೆ ಎಂದು ಹೇಳುವ ಇನ್ನೊಂದು ಹಾಕಿದ್ದಾಳೆ. ಅಲ್ಲೊಂದು ಇಲ್ಲೊಂದು ಉಳಿದಿರುತ್ತದೆ ಎಂದು ಕಾಳಮ್ಮನಿಗೂ ಗೊತ್ತು. ಆದರೂ ಮೂರು ವಾರಗಳಿಂದ ಬೆಳಗಿನ ಹೊತ್ತು ಅವರ ದನಿ ಅವರ ಬಾಯಿಂದ ಮಾತ್ರ ಬಂದಿದೆ. ಉತ್ತಯ್ಯ ದಾರಿಗೆ ಅಡ್ಡ ನಿಲ್ಲುವುದನ್ನು ಬಿಟ್ಟಿದ್ದಾರೆ.

ಕಾಳಮ್ಮನದೊಂದು ಸಣ್ಣ ಆಸೆಯಿದೆ. ಇನ್ನೊಂದು ಗಂಟಲು ತಯಾರಾಗಬೇಕು. ಸೌಮ್ಯ ಒಪ್ಪಿದ್ದಾಳೆ. ತೊಂದರೆಯೆಂದರೆ ಈ ಕೂಗನ್ನು ತೋಟದಲ್ಲಿ ಅಭ್ಯಾಸ ಮಾಡುವ ಹಾಗಿಲ್ಲ. ಕಲಿಯಲೆಂದು ಕೂಗಿದರೂ ಎಲ್ಲೋ ಒಂದು ಚಿಲಕ ಸರಿಯುತ್ತದೆ. ಹಾಗಾಗಿ ಭಾನುವಾರ ಇಬ್ಬರೂ ಬಸ್ಸು ಹತ್ತಿ ಕುಶಾಲನಗರದ ಹತ್ತಿರ ಕಾಳಮ್ಮನ ತಮ್ಮನ ಹೊಲಕ್ಕೆ ಹೋಗುತ್ತಾರೆ. ಬದುವಿನ ಮೇಲೆ ನಿಂತು ಸೌಮ್ಯ ಕೂಗುತ್ತಾಳೆ. ಎರಡನೇ ಗಿಡ್ಡದಲ್ಲಿ ದನಿ ಒಡೆಯುತ್ತದೆ.

"ಫೋನ್ ನೋಡ್ದಾಗ ಕೂಗ್ತೀಯಲ್ಲ, ಹತ್ತು ಲಕ್ಷ ಅಂತ, ಹಂಗ್ ಕೂಗು," ಎನ್ನುತ್ತಾರೆ ಗುರು.

ಪಿಕ್ಕಿಂಗ್ ಮುಗಿಯಲು ಇನ್ನು ಎರಡು ವಾರ. ಈ ಸೋಮವಾರ ಶಿವಮ್ಮ ಕೈಕಟ್ಟು ಬಿಚ್ಚಿಸಿಕೊಂಡು ಕೆಲಸಕ್ಕೆ ಮರಳಿದ್ದಾರೆ. ಆರು ವಾರ ಮೂವತ್ತೇಳಕ್ಕೆ ನಿಲ್ಲುತ್ತಿದ್ದ ಎಣಿಕೆ ಸಂಜೆ ತೂಕದ ಜಾಗದಲ್ಲಿ ಮತ್ತೆ ಪೂರ್ತಿಯಾಯಿತು. ಕೊನೆಯ ಬೆನ್ನು ಶಿವಮ್ಮನದು. "ಮೂವತ್ತೆಂಟು," ಎಂದ ಕಾಳಮ್ಮ ಅದನ್ನು ಮುಟ್ಟಲಿಲ್ಲ, ಜೋರಾಗಿ ಒಂದು ಗುದ್ದಿದರು.

ಅಲ್ಲಿಗೆ ಮುಗಿಯಲಿಲ್ಲ. ಎಣಿಕೆಯಾದ ಮೇಲೆ ಈಗ ಇನ್ನೊಂದು ಕೆಲಸವಿದೆ. ಫೋನಿರುವ ಇಪ್ಪತ್ತಾರು ಮಂದಿಯೂ ಒಟ್ಟಿಗೆ ಫೋನು ಹೊರತೆಗೆಯುತ್ತಾರೆ. ಸಂಜೆಯಾದ್ದರಿಂದ ಹಾಡಿಗೆ ಅಡ್ಡಿಯಿಲ್ಲ. ಒಬ್ಬೊಬ್ಬರದು ಒಂದೊಂದು ಕ್ಷಣ ಹಿಂದುಮುಂದಾಗಿ ಶುರುವಾಗಿ, ಇಪ್ಪತ್ತಾರು ತೇಜಸ್ವಿನಿಯರು ಕಾಫಿ ಮೂಟೆಗಳ ನಡುವೆ ಗಜಿಬಿಜಿಯಾಗಿ ಹಾಡುತ್ತಾರೆ. ದಿನಕ್ಕೊಂದು ಸಲ, ಪೂರ್ತಿ, ನಡುವೆ ನಿಲ್ಲಿಸುವಂತಿಲ್ಲ. ಇದು ಕಾಳಮ್ಮನ ಕಟ್ಟಳೆ.

"ಆ ಹುಡುಗೀದು ನಮ್ಮಿಂದ ಹೋಯ್ತು. ನಾವೇ ತುಂಬಿಸ್ಕೊಡ್ಬೇಕು."

ಹೊಸ ವಿಡಿಯೊ ನಲವತ್ತೊಂದು ಲಕ್ಷಕ್ಕೆ ಬಂದಿದೆ ಎಂದು ಸೌಮ್ಯ ಓದುತ್ತಾಳೆ. ಅಷ್ಟರಲ್ಲಿ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಏನೋ ಗೀಚುತ್ತಿದ್ದ ಉತ್ತಯ್ಯ ಕನ್ನಡಕ ಮೇಲೇರಿಸಿ ತಲೆ ಎತ್ತುತ್ತಾರೆ.

"ಕಾಳಮ್ಮ, ಎಂತ ಲೆಕ್ಕ ಇದು ನಿಮ್ದು? ದಿನಕ್ಕೆ ಇಪ್ಪತ್ತಾರರ ಹಾಗೆ ಎರಡು ಕೋಟಿ ತೊಂಬತ್ತಮೂರು ಲಕ್ಷ ತುಂಬಿಸ್ಲಿಕ್ಕೆ ಮೂರು ಸಾವಿರದ ಎಂಬತ್ತೇಳು ವರ್ಷ ಬೇಕು. ಭಾನುವಾರ ರಜೆ ಬಿಟ್ರೆ ಇನ್ನೂ ಜಾಸ್ತಿ."

ಕಾಳಮ್ಮ ನಾಳೆಯ ಬೆಳಗಿಗೆಂದು ಜರಡಿಯಲ್ಲಿ ಬೂದಿ ತುಂಬಿಕೊಳ್ಳುತ್ತಿದ್ದಾರೆ. ತಲೆ ಎತ್ತುವುದಿಲ್ಲ.

"ಅದ್ರಲ್ಲಿ ಇವತ್ತಿನ್ದೊಂದ್ ದಿನ ಕಳೀರಿ, ರೈಟ್ರೇ."